ಹಾಕಿ ಕ್ಯಾಂಪಾ, ಬ್ಯಾಡ್ಮಿಂಟನ್ನಾ, ಮನೆ ಮುಂದಿನ ಕಣವಾ?

ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮೂರನ್ನೂ ಇಬ್ಬರಿಗೂ ಮಾಡಿಸಿ ನೋಡಿದ್ದೇವೆ. ಚಿಕ್ಕ ಮಕ್ಕಳು ಓಡಿ ಆಡೋದಕ್ಕೆ ಕಣವೇ ಒಳ್ಳೆಯದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕೊಡಗಲ್ವಾ, ಮೊದಲು ನೆನಪಾಗೋದೇ ಹಾಕಿ. 1997ರಲ್ಲಿ ಕರಡ ಅನ್ನೋ ಊರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ಕುಟುಂಬಗಳು ಆಡಿದವು. ಅದನ್ನು ನೋಡಿ ಬೆಳೆಯೋ ಮಕ್ಕಳಿಗೆ ಸ್ಟಿಕ್ ಹಿಡಿಯೋ ಆಸೆ ತಾನಾಗೇ ಬರುತ್ತದೆ. ಬೇಸಿಗೆ ಕ್ಯಾಂಪಿಗೆ ಮಗಳು ಯಾರೂ ಕರೆಯದೇ ಎದ್ದು ಶೂ ಹಾಕಿಕೊಂಡು ರೆಡಿಯಾಗುತ್ತಿದ್ದಳು. ಮಗನಿಗೆ ಮಾತ್ರ ಒಗ್ಗಲಿಲ್ಲ. ಸಾಲಿನಲ್ಲಿ ನಿಂತು ಸರದಿ ಕಾಯಬೇಕು, ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ.

ಬ್ಯಾಡ್ಮಿಂಟನ್ ಮಳೆಗಾಲಕ್ಕೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಾಂಗಣ ಇದ್ದರೆ ಆಟ ನಿಲ್ಲಲ್ಲ. ಆದರೆ ಫೀಸು, ಪೇಟೆಗೆ ಓಡಾಟ ಎರಡೂ ಇದೆ. ಚಿಕ್ಕವನ ರ‍್ಯಾಕೆಟ್ಟಿಗೆ ಶಟಲ್ ಸಿಗೋದೇ ಇಲ್ಲ. ಅವನಿಗೆ ಜಗಲಿಯಲ್ಲಿ ಬಲೂನ್ ಊದಿ ಕೊಟ್ಟೆವು, ಅದನ್ನು ಕೆಳಗೆ ಬೀಳದ ಹಾಗೆ ಹೊಡೆಯುತ್ತಾ ಬೆವರುವಷ್ಟು ಕುಣಿದ.

ಇನ್ನು ಕಣ. ಕಾಫಿ ಒಣಗಿಸಿ ಮೂಟೆ ಕಟ್ಟಿದ ಮೇಲೆ ಖಾಲಿ ಬಿದ್ದಿರುತ್ತದಲ್ಲ, ಅದೇ. ಹಳೇ ಟಯರ್ ಉರುಳಿಸೋದು, ಕುಂಟೆಬಿಲ್ಲೆ, ಗೋಣಿಚೀಲದೊಳಗೆ ಕಾಲಿಟ್ಟು ಜಿಗಿಯೋದು, ನಾಯಿ ಹಿಂದೆ ಓಡೋದು. ವಿಶ್ವ ಆರೋಗ್ಯ ಸಂಸ್ಥೆ ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಚಟುವಟಿಕೆ ಬೇಕು, ಅದರಲ್ಲಿ 60 ನಿಮಿಷ ಮೈ ಬಿಸಿಯಾಗೋ ಥರದ್ದಿರಬೇಕು ಅನ್ನುತ್ತದೆ. ಐದು ದಾಟಿದ ಮಕ್ಕಳಿಗೆ ಅಂಥ ಮೈ ಬಿಸಿಯಾಗೋ ಚಟುವಟಿಕೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷ. ಅಂದರೆ ದೊಡ್ಡವಳಿಗೆ ಒಂದು ಗಂಟೆಯ ಕ್ಯಾಂಪ್ ಸಾಕಾಗಬಹುದು, ಚಿಕ್ಕವನ ಮೂರು ಗಂಟೆ ಯಾವ ಕ್ಲಾಸಿನಲ್ಲೂ ತುಂಬಲ್ಲ, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮನೆಯಲ್ಲೇ ಆಗಬೇಕು.

ಕಣಕ್ಕೂ ತೊಂದರೆ ಇದೆ. ಕೊಯ್ಲಿನ ತಿಂಗಳುಗಳಲ್ಲಿ ಕಾಲಿಡಲು ಜಾಗ ಇರಲ್ಲ. ಮಳೆಗೆ ಪಾಚಿ ಕಟ್ಟಿ ಜಾರುತ್ತದೆ. ಆಗ ಗಂಬೂಟು ಹಾಕಿಸಿ ಗೇಟಿನವರೆಗೆ ನಡೆಸಿಕೊಂಡು ಹೋಗುತ್ತೇವೆ, ವಾಪಸ್ ಬಂದು ಕಾಲಿಗೆ ಜಿಗಣೆ ಹತ್ತಿದೆಯಾ ನೋಡುತ್ತೇವೆ. ಆನೆ ಓಡಾಡೋ ಕಡೆಯವರು ಸಂಜೆ ಮಕ್ಕಳನ್ನು ತೋಟದೊಳಕ್ಕೆ ಬಿಡಲೇಬೇಡಿ.

ಇನ್ನೊಂದು, ಕಣದಲ್ಲಿ ದುಡ್ಡು ಖರ್ಚಾಗಲ್ಲ, ನಮ್ಮ ಸಮಯ ಖರ್ಚಾಗುತ್ತದೆ. ಸುಮ್ನೆ "ಹೋಗಿ ಆಡ್ಕೊಳ್ಳಿ" ಅಂದರೆ ಹತ್ತು ನಿಮಿಷಕ್ಕೆ ವಾಪಸ್ ಬಂದು ಫೋನ್ ಕೇಳುತ್ತಾರೆ. "ಅಮ್ಮಾ, ನೀನೂ ಬಾ" ಅಂದಾಗ ಕೆಲಸ ಬಿಟ್ಟು ಇಳಿದರೆ ಕತ್ತಲಾದರೂ ಒಳಗೆ ಬರಲ್ಲ. ಹಾಕಿ ಆರೇಳು ವರ್ಷ ಆದಮೇಲೆ ಸೇರಿಸಿ, ಕಣಕ್ಕೆ ಇವತ್ತೇ ಇಳಿಯಿರಿ.