ಗ್ರೀನ್ ಬಾಟಲ್ ಬ್ಲೂ: ಬಣ್ಣಕ್ಕೆ ಮರುಳಾಗಿ ಟರಾಂಟುಲಾ ಕೊಳ್ಳುವವರಿಗೆ

ಟರಾಂಟುಲಾ ಎಂದರೆ ಮೈತುಂಬ ರೋಮದ ದೊಡ್ಡ ಜೇಡ. ಮಾರುವವರ ಫೋಟೊದಲ್ಲಿ ಇರುವುದು ಮೊನ್ನೆಯಷ್ಟೇ ಪೊರೆ ಬಿಟ್ಟ ವಯಸ್ಕ ಹೆಣ್ಣು ಜೇಡ. ಕೊರಿಯರ್ ಡಬ್ಬಿಯಲ್ಲಿ ಬರುವುದು ಹೆಬ್ಬೆರಳ ಉಗುರಿನಷ್ಟು ಮರಿ. ಇವೆರಡರ ನಡುವೆ ಎರಡು-ಮೂರು ವರ್ಷಗಳ ಅಂತರವಿದೆ. ಹಾಗಾಗಿ ಬಣ್ಣಕ್ಕೆಂದೇ ಜೇಡ ಸಾಕುವವರು ಮೊದಲು ಕೇಳಬೇಕಾದದ್ದು ಮೂರು ಪ್ರಶ್ನೆ: ಮರಿಯ ಬಣ್ಣ ಏನು, ದೊಡ್ಡದಾದಾಗ ಏನು, ದೊಡ್ಡದಾದ ಮೇಲೆ ಅದು ಕಣ್ಣಿಗೆ ಬೀಳುತ್ತದೆಯೋ ಇಲ್ಲವೋ. ಮೂರರಲ್ಲೂ ಪಾಸಾಗುವ ಜಾತಿಗಳು ಕಡಿಮೆ. ಗ್ರೀನ್ ಬಾಟಲ್ ಬ್ಲೂ, ಸಾಕುವವರ ಬಾಯಲ್ಲಿ ಜಿಬಿಬಿ, ಅವುಗಳಲ್ಲಿ ಒಂದು.

ವೈಜ್ಞಾನಿಕ ಹೆಸರು ಕ್ರೋಮಟೋಪೆಲ್ಮಾ ಸಯಾನಿಯೋಪ್ಯೂಬೆಸೆನ್ಸ್. ಬಾಯಿ ತಿರುಗದಿದ್ದರೂ ಬಿಲ್ಲಿನ ಮೇಲೆ ಈ ಹೆಸರನ್ನೇ ಬರೆಸಿಕೊಳ್ಳಿ. ‘ಕೋಬಾಲ್ಟ್’, ‘ಸಫೈರ್’ ಎಂಬ ವ್ಯಾಪಾರಿ ಹೆಸರುಗಳಲ್ಲಿ ಯಾವ ಜೇಡ ಬೇಕಾದರೂ ಬರಬಹುದು. ಇದರ ಊರು ವೆನೆಜುವೆಲಾದ ಪರಾಗ್ವಾನಾ ಪರ್ಯಾಯದ್ವೀಪ, ಕುರುಚಲು ಗಿಡಗಳ ಒಣ ಸೀಮೆ. ಕಾಲು ಚಾಚಿದರೆ ಸುಮಾರು 13ರಿಂದ 15 ಸೆಂ.ಮೀ. ಕಾಲುಗಳು ಲೋಹದಂತೆ ಹೊಳೆಯುವ ನೀಲಿ, ಬೆನ್ನಿನ ಚಿಪ್ಪು ನೀಲಿಗೆ ತಿರುಗಿದ ಹಸಿರು, ಹೊಟ್ಟೆಯ ಮೇಲೆ ಕಿತ್ತಳೆ ರೋಮ. ಮರಿಯ ಹೊಟ್ಟೆಯ ಮೇಲೆ ಹುಲಿಯಂತೆ ಕಪ್ಪು ಪಟ್ಟೆಗಳಿರುತ್ತವೆ, ಬೆಳೆದಂತೆ ಅಳಿಸಿಹೋಗುತ್ತವೆ. ಚಿಕ್ಕದಿದ್ದಾಗಲೂ ನೋಡುವಂತಿರುತ್ತದೆ ಎನ್ನುವುದೇ ಇದರ ದೊಡ್ಡ ಗುಣ. ಬಹಳಷ್ಟು ಬಣ್ಣದ ಜಾತಿಗಳ ಮರಿಗಳು ವರ್ಷಗಟ್ಟಲೆ ಬರೀ ಕಂದು.

ಕ್ಯಾರಿಬೆನಾ ವರ್ಸಿಕಲರ್‌ನದು ಇದಕ್ಕೆ ಉಲ್ಟಾ ಕತೆ. ಮಾರ್ಟಿನಿಕ್ ದ್ವೀಪದ ಈ ಮರವಾಸಿ ಮರಿಯಿದ್ದಾಗ ಅಪ್ಪಟ ನೀಲಿ. ಬೆಳೆದಾಗ ಹಸಿರು ಬೆನ್ನು, ಕೆಂಪು ಹೊಟ್ಟೆ, ನೇರಳೆ ಕಾಲು. ಚೆಂದವೇ, ಆದರೆ ನೀಲಿ ಬೇಕೆಂದವರಿಗೆ ನಿರಾಸೆ. ಸಿರಿಯೋಪಾಗೋಪಸ್ ಲಿವಿಡಸ್, ಅಂದರೆ ಕೋಬಾಲ್ಟ್ ಬ್ಲೂ, ಬಿಲದಲ್ಲೇ ಬಾಳುವ ಜೇಡ. ಅದನ್ನು ತಂದರೆ ನೀವು ದಿನಾ ನೋಡುವುದು ಒಂದು ಡಬ್ಬಿ ಮಣ್ಣು.

ಇನ್ನು ನಮ್ಮ ಪಕ್ಕದ ಆಂಧ್ರದ್ದು. ಗುತ್ತಿಯಲ್ಲಿ ಸಿಕ್ಕ ಮಾದರಿಯಿಂದ 1899ರಲ್ಲಿ ಬ್ರಿಟಿಷ್ ಪ್ರಾಣಿವಿಜ್ಞಾನಿ ಪೋಕಾಕ್ ವಿವರಿಸಿದ ಪೊಯೆಸಿಲೋಥೇರಿಯಾ ಮೆಟಾಲಿಕಾ. ಬಣ್ಣವನ್ನಷ್ಟೇ ಅಳೆದರೆ ಜಿಬಿಬಿಗಿಂತ ಒಂದು ಕೈ ಮೇಲೆ. ಆದರೆ ಮಿಂಚಿನ ಓಟ, ಕಚ್ಚಿದರೆ ತೀವ್ರ ನೋವು, ದಿನಗಟ್ಟಲೆ ಸ್ನಾಯು ಸೆಳೆತ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿ. 2019ರಿಂದ ಈ ಇಡೀ ಕುಲ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. ಮೊದಲ ಜೇಡವಾಗಿ ಬೇಡ. ಕಾಗದಪತ್ರ ಇಲ್ಲದೆ ‘ನಲ್ಲಮಲ ಕಾಡಿನದ್ದು’, ‘ಘಟ್ಟದ್ದು’ ಎಂದು ಯಾರಾದರೂ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಟರಾಂಟುಲಾದ ನೀಲಿ ಬಣ್ಣದ್ರವ್ಯದಿಂದ ಬರುವುದಿಲ್ಲ. ರೋಮದೊಳಗಿನ ನ್ಯಾನೋ ರಚನೆ ಬೆಳಕನ್ನು ಚೆದುರಿಸಿ ನೀಲಿ ತೋರಿಸುತ್ತದೆ. ಹಾಗಾಗಿ ಬಣ್ಣ ಏರಿಸುವ ಆಹಾರ, ಬಣ್ಣ ಹೆಚ್ಚಿಸುವ ದೀಪ ಎಂದೆಲ್ಲ ಮಾರಿದರೆ ಹಣ ಕೊಡಬೇಡಿ. ರೋಮ ಸವೆದು ಮಾಸುತ್ತದೆ, ಪೊರೆ ಬಿಟ್ಟ ಮೇಲೆ ಮತ್ತೆ ಹೊಳೆಯುತ್ತದೆ, ಅಷ್ಟೆ. ಅಂಗಡಿಯಲ್ಲಿ ಮಂಕಾಗಿ ಕಂಡ ಜೇಡ ರೋಗಿಷ್ಟ ಎನ್ನಬೇಕಿಲ್ಲ. ಪೊರೆಯ ಸಮಯ ಹತ್ತಿರ ಬಂದಿರಬಹುದು. ಹೊಟ್ಟೆಯ ಮೇಲೆ ರೋಮ ಉದುರಿದ ಬೋಳು ಜಾಗ ಇದ್ದರೆ ಅದನ್ನು ನೋಡಿ. ಕಪ್ಪಿಟ್ಟು ಬಿಗಿದಿದ್ದರೆ ಪೊರೆ ಸನಿಹದಲ್ಲಿದೆ. ಹೊಟ್ಟೆ ಒಣದ್ರಾಕ್ಷಿಯಂತೆ ಸುಕ್ಕಾಗಿದ್ದರೆ ನೀರಿಲ್ಲ ಎಂದರ್ಥ, ಅಂಥದ್ದನ್ನು ಬಿಡಿ. ಕಾಲುಗಳನ್ನೆಲ್ಲ ಒಳಕ್ಕೆ ಮುದುರಿ ಕೂತದ್ದನ್ನಂತೂ ರಿಯಾಯಿತಿ ಕೊಟ್ಟರೂ ಮುಟ್ಟಬೇಡಿ.

ಮರಿ ಅಗ್ಗ, ಆದರೆ ಗಂಡಾಗುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಎರಡು ವರ್ಷದೊಳಗೆ ಪ್ರಾಯಕ್ಕೆ ಬಂದು, ಕಡೆಯ ಪೊರೆ ಬಿಟ್ಟು, ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಹೆಣ್ಣು ಹತ್ತು ವರ್ಷ ದಾಟುತ್ತದೆ. ಬಣ್ಣವೇ ಉದ್ದೇಶವಾದರೆ ಪೊರೆ ಪರೀಕ್ಷಿಸಿ ಹೆಣ್ಣೆಂದು ಖಚಿತವಾದ, 6ರಿಂದ 8 ಸೆಂ.ಮೀ.ನ ಜೇಡಕ್ಕೆ ಮೂರು ಪಟ್ಟು ಕೊಟ್ಟರೂ ಲೆಕ್ಕ ಸರಿಹೋಗುತ್ತದೆ. ಪೊರೆ ಬಿಟ್ಟ ತಾರೀಕು, ಫ್ಲ್ಯಾಶ್ ಇಲ್ಲದೆ ಕಿಟಕಿ ಬೆಳಕಲ್ಲಿ ತೆಗೆದ ಫೋಟೊ, ಇವೆರಡನ್ನು ಕೇಳಿ. ಕೊಡಲು ತಡವರಿಸುವವರ ಹತ್ತಿರ ಕೊಳ್ಳಬೇಡಿ.

ಸಾಕಣೆಯಲ್ಲಿ ಜಿಬಿಬಿಯ ವಿಶೇಷ ಬಲೆ. ನೆಲದಿಂದ ಕೊಂಬೆಗೆ, ಕೊಂಬೆಯಿಂದ ಗಾಜಿಗೆ ದಪ್ಪ ಬಿಳಿ ಪರದೆ ಹೆಣೆದು ಅದರ ಮೇಲೆಯೇ ಕೂರುತ್ತದೆ. ಕಣ್ಣಿಗೆ ಬೀಳುವುದು ಇದರಿಂದಲೇ. ವಯಸ್ಕಕ್ಕೆ 30×20×20 ಸೆಂ.ಮೀ. ಪೆಟ್ಟಿಗೆ ಸಾಕು. ತಳದಲ್ಲಿ 7-8 ಸೆಂ.ಮೀ. ಒಣ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಓರೆಯಾಗಿ ನಿಲ್ಲಿಸಿದ ನಾಲ್ಕೈದು ಕಡ್ಡಿ, ಒಂದು ತೊಗಟೆ, ಬಾಟಲಿ ಮುಚ್ಚಳದಷ್ಟು ನೀರಿನ ತಟ್ಟೆ. ಕಡ್ಡಿ ಇಡದಿದ್ದರೆ ಬಲೆ ಕಟ್ಟಲು ಆಸರೆಯಿಲ್ಲದೆ ಮೂಲೆ ಸೇರುತ್ತದೆ. ನರ್ಸರಿಯ ಕೋಕೋಪೀಟ್ ಆಗುತ್ತದೆ, ಆದರೆ ಗೊಬ್ಬರ ಬೆರೆತದ್ದು ಬೇಡ. ಎರಡು-ಮೂರು ನೀರಿನಲ್ಲಿ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಿ. ಮುಚ್ಚಳಕ್ಕೆ ತಂತಿಜಾಲರಿ ಬೇಡ, ಕಾಲಿನ ಉಗುರು ಸಿಕ್ಕಿಕೊಂಡು ಮುರಿಯುತ್ತದೆ. ತೂತು ಕೊರೆದ ಅಕ್ರಿಲಿಕ್ ಒಳ್ಳೆಯದು. ಮರಿಗೆ 150 ಮಿ.ಲೀ.ನ ಡಬ್ಬಿ, ಒಂದು ಮೂಲೆಯನ್ನು ಮಾತ್ರ ವಾರಕ್ಕೊಮ್ಮೆ ತೇವ ಮಾಡಿ.

ಬೆಂಗಳೂರಿನ ಹವೆಗೆ ಹೀಟರ್ ಬೇಕಿಲ್ಲ. ಮಂಗಳೂರು, ಕಾರವಾರದ ಮಳೆಗಾಲವೇ ಇದಕ್ಕೆ ಶತ್ರು: ನೀರು ಚಿಮುಕಿಸದಿದ್ದರೂ ಪೀಟ್ ಬೂಷ್ಟು ಹಿಡಿಯುತ್ತದೆ. ಎದುರುಬದುರು ಎರಡೂ ಪಕ್ಕ ತೂತಿರಲಿ. ನಮ್ಮ ಮನೆಗಳಲ್ಲಿ ಇನ್ನೂ ಎರಡು ಅಪಾಯಗಳಿವೆ. ವಿದೇಶಿ ಕೈಪಿಡಿಗಳಲ್ಲಿ ಇವುಗಳಿಗೆ ಅಷ್ಟು ಜಾಗವಿಲ್ಲ. ಒಂದು, ಇರುವೆ: ಪೊರೆ ಬಿಡುವಾಗ ಮೈ ಮೆತ್ತಗಿರುವ ಜೇಡವನ್ನು ರಾತ್ರಿಯೊಂದರಲ್ಲಿ ಮುಗಿಸುತ್ತವೆ. ತುಪ್ಪದ ಡಬ್ಬಿಗೆ ಮಾಡುವಂತೆ ನೀರು ತುಂಬಿದ ತಟ್ಟೆಯ ನಡುವೆ ಪೆಟ್ಟಿಗೆ ಇಡಿ. ಇನ್ನೊಂದು, ಆ ಇರುವೆಗೆ ಎಳೆಯುವ ಚಾಕ್ ಮತ್ತು ಸೊಳ್ಳೆಗೆ ಹಚ್ಚುವ ಲಿಕ್ವಿಡ್. ಕೀಟನಾಶಕಕ್ಕೆ ಜೇಡವೂ ಒಂದೇ, ಜಿರಳೆಯೂ ಒಂದೇ. ಆ ಕೋಣೆಯಲ್ಲಿ ಎರಡೂ ಬೇಡ.

ಊಟಕ್ಕೆ ತಕರಾರಿಲ್ಲ. ಮರಿಗೆ ಮೂರು-ನಾಲ್ಕು ದಿನಕ್ಕೊಮ್ಮೆ ಅದರ ಹೊಟ್ಟೆಗಿಂತ ಚಿಕ್ಕ ಮೀಲ್‌ವರ್ಮ್ (ಹಿಟ್ಟಿನ ಹುಳು) ತುಂಡು, ದೊಡ್ಡದಕ್ಕೆ ಏಳರಿಂದ ಹತ್ತು ದಿನಕ್ಕೊಂದು ಡುಬಿಯಾ, ಅಂದರೆ ಆಹಾರಕ್ಕೆಂದೇ ಸಾಕುವ ಜಿರಳೆ. ತಿನ್ನದೆ ಬಿಟ್ಟ ಹುಳುವನ್ನು ಮರುದಿನವೇ ತೆಗೆಯಿರಿ.

ಕೊರತೆ ಹೇಳದಿದ್ದರೆ ವಿಮರ್ಶೆಯಾಗದು. ಇದು ಬೆದರು ಜೀವಿ. ಮುಚ್ಚಳ ತೆಗೆದ ಕ್ಷಣ ಬಲೆಯ ಸುರಂಗಕ್ಕೆ ನುಗ್ಗುತ್ತದೆ, ಇಲ್ಲವೇ ಹಿಂಗಾಲಲ್ಲಿ ಹೊಟ್ಟೆ ಉಜ್ಜಿ ತುರಿಕೆ ರೋಮ ಹಾರಿಸುತ್ತದೆ. ಚರ್ಮಕ್ಕೆ ತಾಗಿದರೆ ನವೆ. ಕಣ್ಣಿಗೆ ಹೋದರೆ ವೈದ್ಯರೇ ಬೇಕು. ಉದ್ದದ ಚಿಮಟ, ಕನ್ನಡಕ, ಕೈಗವಸು ಇಟ್ಟುಕೊಳ್ಳಿ. ಅಂಗೈ ಮೇಲೆ ಬಿಟ್ಟುಕೊಂಡು ಫೋಟೊ ತೆಗೆಯುವ ಆಸೆಯಿದ್ದರೆ ಈ ಜೇಡ ನಿಮ್ಮದಲ್ಲ. ಎದೆಯೆತ್ತರದಿಂದ ಬಿದ್ದರೂ ಹೊಟ್ಟೆ ಒಡೆಯಬಹುದು.

ಪೊರೆ ಬಿಡುವಾಗ ಅಂಗಾತ ಮಲಗುತ್ತದೆ. ಸತ್ತಿತೆಂದು ತಿರುಗಿಸಬೇಡಿ. ಮುಗಿದ ಮೇಲೆ ಕೋರೆಹಲ್ಲು ಬಿಳಿಯಿಂದ ಕೆಂಪಾಗಿ ಕಪ್ಪಾಗುವವರೆಗೆ, ಅಂದಾಜು ಹತ್ತು ದಿನ, ಊಟ ಬೇಡ. ಕಳಚಿದ ಪೊರೆ ಎಸೆಯಬೇಡಿ. ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ಬ್ರಷ್ಷಿನಿಂದ ಮೆಲ್ಲಗೆ ಬಿಡಿಸಿ. ಮೇಲಿನ ಎರಡು ಬಿಳಿ ಪುಸ್ತಕ-ಶ್ವಾಸಕೋಶಗಳ (ಹಾಳೆಗಳಂಥ ಪದರಗಳಿರುವ ಉಸಿರಾಟದ ಅಂಗ) ನಡುವೆ ಪುಟ್ಟ ಮಡಿಕೆಯಂಥ ಚೀಲ ಕಂಡರೆ ಹೆಣ್ಣು. ಕಾಲುಗಳನ್ನು ಒಣಗಲು ಬಿಟ್ಟು ನೋಡಿ: ಒಳಗೆ ಜೇಡವಿಲ್ಲದಿದ್ದರೂ ನೀಲಿ ಹಾಗೇ ಇರುತ್ತದೆ.