ಲೆಮ್ಮರೆನ್‌ಹ್ಯುಟೆ: ಆಲ್ಪ್ಸ್ ಬೆಟ್ಟದ ತಂಗುಮನೆಯಲ್ಲಿ ಒಂದು ರಾತ್ರಿ

ವಿನಿಮಯ ವಿದ್ಯಾರ್ಥಿಯಾಗಿ ಸ್ವಿಟ್ಜರ್ಲೆಂಡಿಗೆ ಹೋದ ಮಕ್ಕಳನ್ನು ಅಲ್ಲಿನ ಆತಿಥೇಯ ಮನೆಯವರು ವಾರಾಂತ್ಯಕ್ಕೆ ಬೆಟ್ಟ ಹತ್ತಿಸುವುದು ಸಾಮಾನ್ಯ. ಎಲ್ಲಿಗೆ ಹೋಗೋಣ ಎಂದು ಅವರು ಕೇಳಿದರೆ, ಸ್ವಿಸ್ ಆಲ್ಪೈನ್ ಕ್ಲಬ್ಬಿನ ಒಂದು ತಂಗುಮನೆಯಲ್ಲಿ ಉಳಿಯೋಣ ಎನ್ನಿ. ರೈಲಿನಲ್ಲಿ ಮೇಲೆ ಹೋಗಿ ಫೋಟೊ ತೆಗೆದುಕೊಂಡು ಸಂಜೆಗೆ ಇಳಿಯುವುದಕ್ಕಿಂತ ಇದು ಎಷ್ಟೋ ಮೇಲು. 1863ರಲ್ಲಿ ಶುರುವಾದ ಈ ಕ್ಲಬ್ಬಿಗೆ ಇಂಥ ಸುಮಾರು 150 ಮನೆಗಳಿವೆ. ಮೊದಲ ಸಲಕ್ಕೆ ವಾಲೆ ಪ್ರಾಂತ್ಯದ ಲೆಮ್ಮರೆನ್‌ಹ್ಯುಟೆ ಒಳ್ಳೆಯದು. 2,507 ಮೀಟರ್ ಎತ್ತರದಲ್ಲಿದ್ದರೂ ದಾರಿ ಹೆದರಿಸುವುದಿಲ್ಲ.

ಲೊಯ್ಕ್ ನಿಲ್ದಾಣದಲ್ಲಿ ರೈಲು ಇಳಿದು ಬಸ್ಸಿನಲ್ಲಿ ಲೊಯ್ಕರ್‌ಬಾಡ್ ಊರು, ಅಲ್ಲಿಂದ ಕೇಬಲ್ ಕಾರಿನಲ್ಲಿ ಗೆಮ್ಮಿ ಎಂಬ ಕಣಿವೆದಾರಿ. ಮೇಲಿಳಿದ ಮೇಲೆ ಸುಮಾರು ಒಂದೂವರೆ ಗಂಟೆ ನಡಿಗೆ. ಮೊದಲು ಸ್ವಲ್ಪ ಇಳಿಜಾರು, ಆಮೇಲೆ ಲೆಮ್ಮರೆನ್‌ಬೋಡೆನ್ ಎಂಬ ಬಯಲು; ಹಿಮನದಿಯ ನೀರು ಇಲ್ಲಿ ಕವಲು ಕವಲಾಗಿ ಜಲ್ಲಿಕಲ್ಲಿನ ಮೇಲೆ ಹರಿಯುತ್ತದೆ. ಕೊನೆಯ ಸುಮಾರು 200 ಮೀಟರ್ ಏರು ಮಾತ್ರ ಏದುಸಿರು ತರಿಸುತ್ತದೆ. ಬಂಡೆಗಳ ಮೇಲಿನ ಬಿಳಿ–ಕೆಂಪು–ಬಿಳಿ ಪಟ್ಟಿ ಬೆಟ್ಟದ ದಾರಿಯ ಗುರುತು. ಬಿಳಿ–ನೀಲಿ–ಬಿಳಿ ಪಟ್ಟಿ ಕಂಡರೆ ಅದು ಅನುಭವಿಗಳ ಹಾದಿ, ಅತ್ತ ಹೋಗಬೇಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಹಾಗಾಗಿ ಮೂರು ಗಂಟೆಯೊಳಗೆ ತಲುಪುವಂತೆ ಹೊರಡಿ. ಜೂನ್‌ನಲ್ಲಿ ದಾರಿಯಲ್ಲಿ ಹಿಮ ಉಳಿದಿರಬಹುದು. ಜುಲೈನಿಂದ ಸೆಪ್ಟೆಂಬರ್ ತನಕ ಸರಿಯಾದ ಕಾಲ.

ನಮ್ಮ ಮಕ್ಕಳಿಗೆ ತೊಡಕಾಗುವುದು ನಡಿಗೆಯಲ್ಲಲ್ಲ, ಊಟದಲ್ಲಿ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿಸಿಯೇ ಹಾಸಿಗೆ ಕಾದಿರಿಸುವುದು ರೂಢಿ. ಸಾಮಾನು ಹೆಲಿಕಾಪ್ಟರಿನಲ್ಲಿ ಬರುವುದರಿಂದ ಅಡುಗೆ ಒಂದೇ ಬಗೆ, ಬಡಿಸುವುದೂ ಎಲ್ಲರಿಗೂ ಒಂದೇ ಹೊತ್ತಿಗೆ: ಸೂಪು, ಸಲಾಡು, ಮುಖ್ಯ ಊಟ, ಸಿಹಿ. ಸಸ್ಯಾಹಾರ ಬೇಕೆಂದು ಕಾದಿರಿಸುವಾಗಲೇ ಬರೆಯಬೇಕು. ಸಂಜೆ ಆರಕ್ಕೆ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದರೆ ಅವರಿಗೂ ಕಷ್ಟ, ನಿಮಗೂ ಅರೆಹೊಟ್ಟೆ. ಬರೀ ‘ವೆಜಿಟೇರಿಯನ್’ ಎಂದರೂ ಸಾಲದು. ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ಸೂಪಿಗೆ ಮಾಂಸದ ಸಾರು ಬೆರೆತಿರಬಹುದು, ಸಿಹಿಯಲ್ಲಿ ಪ್ರಾಣಿಗಳ ಚರ್ಮ–ಮೂಳೆಯಿಂದ ತೆಗೆದ ಜೆಲಟಿನ್ ಇರಬಹುದು, ಆಲ್ಪ್ಲರ್‌ಮಾಗ್ರೊನೆನ್ ಎಂಬ ಪಾಸ್ತಾ–ಆಲೂಗಡ್ಡೆ–ಚೀಸಿನ ತಿನಿಸಿಗೆ ಹಂದಿಮಾಂಸದ ಚೂರು ಹಾಕುವುದುಂಟು. ಜರ್ಮನ್‌ನಲ್ಲಿ ‘ಓನೆ ಫ್ಲೈಶ್, ಓನೆ ಫಿಶ್, ಓನೆ ಐ, ಓನೆ ಫ್ಲೈಶ್‌ಬುಯೋನ್’ ಎಂದು ಬರೆಸಿ: ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ ಎಂದರ್ಥ. ಹಲವು ಚೀಸುಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ. ಅದನ್ನೂ ಬಿಡುವವರು ಆ ಮಾತನ್ನೂ ಸೇರಿಸಿ. ಮನೆಯಿಂದ ಚಟ್ನಿಪುಡಿ ಒಯ್ಯಿರಿ, ಬ್ರೆಡ್ಡು–ಬೆಣ್ಣೆಗೆ ಬಲು ಚೆನ್ನ. ಸ್ಟೌ ಒಯ್ದು ಅನ್ನ ಮಾಡುವ ಯೋಚನೆ ಬೇಡ. ಆ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುವುದರಿಂದ ಅಕ್ಕಿ ಬೇಗ ಬೇಯುವುದಿಲ್ಲ.

ಮಲಗುವುದು ಸಾಲಾಗಿ ಹಾಸಿದ ಹಾಸಿಗೆಗಳ ಮೇಲೆ, ಗುರುತಿಲ್ಲದವರ ಪಕ್ಕದಲ್ಲಿ. ರಗ್ಗು, ದಿಂಬು ಅಲ್ಲೇ ಇರುತ್ತವೆ, ಒಳಗೆ ಹಾಕಿಕೊಳ್ಳುವ ತೆಳು ಚೀಲ ಮಾತ್ರ ನಿಮ್ಮದೇ ಬೇಕು. ರೇಷ್ಮೆಯದು ಹಗುರ, ಹತ್ತಿಯದು ಅಗ್ಗ. ಗೊರಕೆ ಖಂಡಿತ ಇರುತ್ತದೆ, ಕಿವಿಗೆ ಪ್ಲಗ್ಗು ಇಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಸದ್ದಡಗುತ್ತದೆ. ಬೆಳಗಿನ ಜಾವ ಶಿಖರಕ್ಕೆ ಹೊರಡುವವರಿರುತ್ತಾರೆ, ಆದ್ದರಿಂದ ಪ್ಲಾಸ್ಟಿಕ್ ಕವರಿನ ಸರಪರ ಸದ್ದು ಬೇಡ. ಸಾಮಾನನ್ನು ಬಟ್ಟೆಯ ಚೀಲಕ್ಕೆ ಹಾಕಿ ತಲೆದೀಪವನ್ನು ಕೈಗೆಟಕುವಲ್ಲಿ ಇಡಿ. ಬೂಟು ಬಾಗಿಲ ಬಳಿಯ ಗೂಡಿನಲ್ಲಿ ಬಿಟ್ಟು, ಅಲ್ಲೇ ಇಟ್ಟಿರುವ ಚಪ್ಪಲಿ ಮೆಟ್ಟಿ ಒಳಹೋಗಬೇಕು. ಈ ಕ್ರಮ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಒಂದೇ ಥರದ ಬೂಟುಗಳು ಅದಲುಬದಲಾಗುತ್ತವೆ, ಲೇಸಿಗೆ ಬಣ್ಣದ ದಾರ ಕಟ್ಟಿ.

ಕುಡಿಯುವ ನೀರಿನ ಬಗ್ಗೆ ಕೇಳದೆ ನಲ್ಲಿಗೆ ಬಾಟಲಿ ಹಿಡಿಯಬೇಡಿ. ಇಂಥ ಮನೆಗಳಲ್ಲಿ ಹಲವು ಕಡೆ ಅದು ಕುಡಿಯಲು ಯೋಗ್ಯವಲ್ಲ, ಬಾಟಲಿ ನೀರಿನ ಬೆಲೆಯೋ ಕೆಳಗಿನದಕ್ಕಿಂತ ಹೆಚ್ಚು. ಕೆಳಗಿನಿಂದಲೇ ಎರಡು ಲೀಟರ್ ಹೊತ್ತು ಹೊರಡಿ, ಒಂದೇ ದಿನದಲ್ಲಿ ಇಷ್ಟು ಎತ್ತರಕ್ಕೆ ಬಂದಾಗ ತಲೆನೋವು ಬರದಿರಲೂ ಅದು ಬೇಕು. ನಿಮ್ಮ ಕಸ ನಿಮ್ಮ ಜೊತೆಗೇ ಕೆಳಗಿಳಿಯಬೇಕು.

ಹೆತ್ತವರು ನೋಡಬೇಕಾದ್ದು ವಿಮೆ. ಅಲ್ಲಿ ಹೆಲಿಕಾಪ್ಟರಿನಲ್ಲಿ ಕಾಪಾಡಿದರೆ ಬಿಲ್ಲು ಬರುತ್ತದೆ. ಪಾಲಿಸಿಯಲ್ಲಿ ಬೆಟ್ಟದ ರಕ್ಷಣೆಯ ಖರ್ಚು ಸೇರಿದೆಯೇ, ಎತ್ತರದ ಮಿತಿ ಇದೆಯೇ ಎಂದು ಓದಿ. ದೇಶದ ಬೇರೆಡೆ ಹೆಲಿಕಾಪ್ಟರ್ ರಕ್ಷಣೆಗೆ 1414 ಒತ್ತುತ್ತಾರೆ, ವಾಲೆಯಲ್ಲಿ ಮಾತ್ರ 144. ಕ್ಲಬ್ಬಿನ ಸದಸ್ಯರಿಗೆ ಹಾಸಿಗೆ ದರ ಕಡಿಮೆ, ಆದರೆ ಆತಿಥೇಯರ ಸದಸ್ಯತ್ವದ ರಿಯಾಯಿತಿ ವಿದ್ಯಾರ್ಥಿಗೆ ತಾನಾಗಿ ಸಿಗುವುದಿಲ್ಲ.

ಇಷ್ಟು ಕಟ್ಟುಪಾಡು ಸಹಿಸಿಯಾದರೂ ಹೋಗಬೇಕಾದ್ದು ಊಟದ ಉದ್ದನೆಯ ಮೇಜಿಗಾಗಿ. ಸೂಪಿನ ಪಾತ್ರೆ ಕೈಯಿಂದ ಕೈಗೆ ದಾಟುತ್ತದೆ, ತಟ್ಟೆ ಒಟ್ಟುಮಾಡಿ ಒಪ್ಪಿಸುವುದು ಕೂತವರ ಕೆಲಸ. ಬೆಟ್ಟದ ಮೇಲೆ ಹಿರಿಯರೂ ಅಪರಿಚಿತರೂ ಪರಸ್ಪರ ‘ಡು’ ಎಂದೇ ಮಾತಾಡುತ್ತಾರೆ, ನಮ್ಮ ‘ನೀನು’ ಇದ್ದ ಹಾಗೆ. ಶಾಲೆಯಲ್ಲಿ ಬಾಯಿ ಬಿಡಲು ಅಂಜುವ ಹುಡುಗ ಹುಡುಗಿಯರ ಜರ್ಮನ್ ಇಂಥ ಮೇಜಿನಲ್ಲಿ ಸಡಿಲವಾಗುತ್ತದೆ.

ಭಾನುವಾರ ಬಂದ ದಾರಿಯಲ್ಲೇ ಇಳಿಯಬೇಕಿಲ್ಲ. ಗೆಮ್ಮಿಯಿಂದ ಡೌಬೆನ್‌ಸೇ ಸರೋವರದ ಪಕ್ಕದಲ್ಲೇ ಶ್ವಾರೆನ್‌ಬಾಖ್ ಎಂಬ ಬೆಟ್ಟದ ಹೋಟೆಲ್ಲು ದಾಟಿ ಸುನ್‌ಬ್ಯುಯೆಲ್‌ಗೆ ನಡೆದು, ಕೇಬಲ್ ಕಾರಿನಲ್ಲಿ ಕಾಂಡರ್‌ಸ್ಟೆಗ್ ಸೇರಬಹುದು. ಆತಿಥೇಯರ ಮನೆ ಬರ್ನ್ ಕಡೆ ಇದ್ದರೆ ಇದೇ ಅನುಕೂಲ, ಆದರೆ ಕಾರನ್ನು ಲೊಯ್ಕರ್‌ಬಾಡ್‌ನಲ್ಲಿ ಬಿಟ್ಟು ಬಂದವರಿಗೆ ಆಗದು. ಸುನ್‌ಬ್ಯುಯೆಲ್‌ನಿಂದ ಕೊನೆಯ ಕೇಬಲ್ ಕಾರು ಎಷ್ಟು ಗಂಟೆಗೆ ಎಂದು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ಅದು ತಪ್ಪಿದರೆ ದಣಿದ ಕಾಲಿನಲ್ಲಿ ಕಡಿದಾದ ಇಳಿಜಾರನ್ನು ಪೂರ್ತಿ ನಡೆದೇ ಇಳಿಯಬೇಕು.