ಡೂಪ್ಲಿಕೇಟ್ ಚಾವಿಗೆ ಕಾರು ಸ್ಟಾರ್ಟ್ ಆದರೆ ಖುಷಿಪಡಬೇಡಿ

ಹೋದ ವರ್ಷ ಬೆಳಗಾವಿಯ ಖಡೇ ಬಜಾರ್‌ನಲ್ಲಿ ನನ್ನ ಹಳೇ ಕಾರಿಗೆ ಇನ್ನೊಂದು ಚಾವಿ ಮಾಡಿಸಿದೆ. 150 ರೂಪಾಯಿ, ಹತ್ತು ನಿಮಿಷದ ಕೆಲಸ. ತಿರುಗಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಯಿತು. ಚಾವಿಯವನು ಆಗಲೇ ಹೇಳಿದ್ದ, "ಇದಕ್ಕ ಚಿಪ್ ಇಲ್ರೀ ಸರ್, ಯಾರ್ ಬೇಕಾದ್ರೂ ಒಯ್ತಾರ." ನಾನು ನಕ್ಕೆ. ಶೋರೂಮ್‌ಗೆ ಕೊಡೋ ದುಡ್ಡು ಉಳೀತಲ್ಲ ಅಂತ ಖುಷಿ.

ಸಂಕ್ರಾಂತಿ ಮುಗಿದ ವಾರ ಒಯ್ದೇಬಿಟ್ಟರು. ಟಿಳಕವಾಡಿಯಲ್ಲಿ ಮನೆ ಮುಂದೆಯೇ ನಿಲ್ಲಿಸಿದ್ದೆ. ಬೆಳಿಗ್ಗೆ ಹಾಲಿಗೆ ಅಂತ ಹೊರಬಂದರೆ ಆಯಿಲ್ ಸೋರಿದ ಕಲೆ ಮಾತ್ರ ಇತ್ತು.

ಐದು ದಿನದ ಮೇಲೆ ಖಾನಾಪುರ ರಸ್ತೆ ಬದಿಯಲ್ಲಿ ಸಿಕ್ಕಿತು, ಪೆಟ್ರೋಲ್ ಖಾಲಿ. ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಒಡೆದು ಬಿದ್ದಿತ್ತು. ಚಾವಿ ಹಾಕುವ ಜಾಗ ಹಲ್ಲು ಕಿತ್ತ ದವಡೆಯ ಹಾಗೆ. ಹಿಂದಿನ ಸೀಟಿನ ತುಂಬ ಚುರುಮುರಿ. ಸಿಕ್ಕಿಬಿದ್ದವರು ಇನ್ನೂ ಮೀಸೆ ಚಿಗುರುತ್ತಿರುವ ಹುಡುಗರು. ಮಾರೋಕಲ್ಲವಂತೆ, ಓಡಿಸಿ ರೀಲ್ಸ್ ಮಾಡೋಕಂತೆ. ಕಲಿತದ್ದೂ ಮೊಬೈಲ್ ನೋಡಿಯೇ.

ಅಮೆರಿಕದಲ್ಲಿ ಇದೇ ಕಥೆ ದೊಡ್ಡದಾಗಿ ನಡೆದಿದೆ. ಅಲ್ಲಿ ಮಾರಿದ್ದ ಎಷ್ಟೋ ಕಿಯಾ, ಹ್ಯುಂಡೈ ಕಾರುಗಳಲ್ಲಿ ಇಮ್ಮೊಬಿಲೈಸರ್ ಇರಲಿಲ್ಲ. ಅಂದರೆ ಚಾವಿಯೊಳಗಿನ ಚಿಪ್ಪಿನ ಗುರುತು ಸಿಗದಿದ್ದರೆ ಎಂಜಿನ್ ಓಡಲು ಬಿಡದ ವ್ಯವಸ್ಥೆ. 2022ರಲ್ಲಿ ಕದಿಯುವ ವಿಡಿಯೊಗಳು ಟಿಕ್‌ಟಾಕ್‌ನಲ್ಲಿ ಹಬ್ಬಿ ಹುಡುಗರಿಗೆ ಆಟವಾಯಿತು. 2023ರ ಫೆಬ್ರುವರಿಯಲ್ಲಿ 83 ಲಕ್ಷ ಗಾಡಿಗಳಿಗೆ ಕಂಪನಿಗಳು ಕಳವು ತಡೆಯುವ ಉಚಿತ ಸಾಫ್ಟ್‌ವೇರ್ ಘೋಷಿಸುವ ಹೊತ್ತಿಗೆ ಕದ್ದ ಕಾರುಗಳ ಅಪಘಾತಗಳಲ್ಲಿ ಎಂಟು ಜನ ಸತ್ತಿದ್ದರು. ಪಕ್ಕದ ಕೆನಡಾದಲ್ಲಿ 2007ರಿಂದಲೇ ಇಮ್ಮೊಬಿಲೈಸರ್ ಕಡ್ಡಾಯ, ಅಲ್ಲಿ ಈ ಆಟ ನಡೆಯಲಿಲ್ಲ. ಇಲ್ಲಿ ಆ ಕಂಪನಿಗಳ ಕಾರು ಇಟ್ಟುಕೊಂಡವರು ಸುಮ್ನೆ ಗಾಬರಿಯಾಗಬೇಡಿ. ನಿಮ್ಮ ಚಾವಿಯಲ್ಲಿ ಚಿಪ್ ಇದೆಯೋ ಇಲ್ಲವೋ ನೋಡಿಕೊಳ್ಳಿ, ಅಷ್ಟೇ. ಮಾಮೂಲಿ ಡೂಪ್ಲಿಕೇಟ್‌ಗೆ ಎಂಜಿನ್ ಓಡಿತು ಅಂದರೆ ಇಲ್ಲ ಅಂತಲೇ ಲೆಕ್ಕ.

ಇನ್ಶೂರೆನ್ಸ್ ಕೇಳಬೇಡಿ. ಹಳೇ ಗಾಡಿ ಅಂತ ಬರೀ ಥರ್ಡ್ ಪಾರ್ಟಿ ಮಾಡಿಸಿದ್ದೆ. ಅದರಲ್ಲಿ ಕಳವಿಗೆ ಒಂದು ಪೈಸೆ ಬರುವುದಿಲ್ಲ. ರಿಪೇರಿಯೆಲ್ಲ ಕೈಯಿಂದಲೇ ಹೋಯಿತು.

ಈಗ ಸ್ಟೇರಿಂಗ್‌ಗೆ ಹಳದಿ ರಾಡ್ ಲಾಕ್ ಹಾಕುತ್ತೇನೆ. ದೂರದಿಂದಲೇ ಕಾಣಲಿ ಅಂತ ಆ ಬಣ್ಣ. ಪೆಟ್ರೋಲ್ ಪಂಪಿನ ವೈರಿಗೆ ಒಂದು ಕಳ್ಳ ಸ್ವಿಚ್ಚೂ ಕೂಡಿಸಿದೆ. "ಎಲ್ಲೈತಿ ಅಂತ ಯಾರಿಗೂ ಹೇಳಬ್ಯಾಡ್ರಿ" ಅಂದ ಮೆಕ್ಯಾನಿಕ್. ಮರುದಿನವೇ ಅದನ್ನು ಆನ್ ಮಾಡೋದು ಮರೆತು, ಶನಿವಾರ ಖೂಟದಲ್ಲಿ ನಾನೇ ಹತ್ತು ನಿಮಿಷ ಸೆಲ್ಫ್ ಹೊಡೆಯುತ್ತ ಕೂತಿದ್ದೆ.